ಬೋನಸ್ ಕೇಳಿದ ಇಬ್ಬರ ಪರವಾಗಿ: ‘ಏಲಿಯನ್ ಆಂಥಾಲಜಿ’ ಆರು ಡಿಸ್ಕುಗಳ ಪೆಟ್ಟಿಗೆ

‘ಏಲಿಯನ್’ ಸಿನಿಮಾ ನೋಡಿದವರನ್ನು ಏನು ನೆನಪಿದೆ ಎಂದು ಕೇಳಿ ನೋಡಿ. ಊಟದ ಮೇಜಿನ ಮೇಲೆ ಎದೆ ಸೀಳಿಕೊಂಡು ಹೊರಬರುವ ಆ ಮರಿಯನ್ನೇ ಹೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಒಂದು ಸ್ಟೀಮ್ ವಾಲ್ವ್. ಬಾಹ್ಯಾಕಾಶ ಹಡಗಿನ ಅಧಿಕಾರಿ ರಿಪ್ಲಿ ಮೇಲಿನ ಡೆಕ್ಕಿನಿಂದ ಇಂಜಿನ್ ರೂಮಿಗೆ ಇಳಿದು ಬಂದು ರಿಪೇರಿಯ ಬಗ್ಗೆ ವಿಚಾರಿಸುತ್ತಾಳೆ. ಪಾರ್ಕರ್ ಮತ್ತು ಬ್ರೆಟ್ ಎಂಬ ಇಂಜಿನ್ ರೂಮಿನ ಇಬ್ಬರು, ಸ್ಟೀಮಿನ ಅಬ್ಬರದಲ್ಲಿ ಒಂದಕ್ಷರವೂ ಕಿವಿಗೆ ಬೀಳುತ್ತಿಲ್ಲ ಎಂಬಂತೆ ನಿಲ್ಲುತ್ತಾರೆ. ಅವಳು ಸಿಟ್ಟು ಮಾಡಿಕೊಂಡು ಹೊರಟ ಮೇಲೆ ಪಾರ್ಕರ್ ಕೈ ಚಾಚಿ ಸ್ಟೀಮ್ ಮುಚ್ಚುತ್ತಾನೆ. ಸದ್ದು ಪಟ್ಟನೆ ನಿಲ್ಲುತ್ತದೆ.

ನಾನೂ ಹಾಗೆ ಮಾಡಿದವನೇ. ಮಾಲೀಕರ ಕಚೇರಿಯಿಂದ ತಪಾಸಣೆಗೆಂದು ಹಡಗು ಹತ್ತಿದ ಒಬ್ಬ ಸೂಪರಿಂಟೆಂಡೆಂಟ್ ಪ್ರಶ್ನೆಗಳ ಪಟ್ಟಿ ತೆಗೆದಾಗ, ಪಕ್ಕದ ಏರ್ ಕಂಪ್ರೆಸರನ್ನು ಚಾಲೂ ಮಾಡುವಂತೆ ಮೋಟರ್‌ಮ್ಯಾನ್‌ಗೆ ಕಣ್ಸನ್ನೆ ಮಾಡಿದ್ದೆ. ಆತ ಪಟ್ಟಿ ಮಡಚಿಕೊಂಡು ಎ.ಸಿ. ಇರುವ ಕಂಟ್ರೋಲ್ ರೂಮಿಗೆ ಹೋದರು. ಆದ್ದರಿಂದ ಈ ಪೆಟ್ಟಿಗೆಯ ಬಗ್ಗೆ ನಾನು ಹೇಳುವುದನ್ನೆಲ್ಲ ಇಂಜಿನ್ ರೂಮಿನವನ ಪಕ್ಷಪಾತ ಎಂದುಕೊಂಡೇ ಓದಬೇಕು. 1996ರಲ್ಲಿ ಐದನೇ ಇಂಜಿನಿಯರ್ ಆಗಿ, ಅಂದರೆ ನಮ್ಮ ಹಡಗು ಭಾಷೆಯ ‘ಪಾಂಚ್ ಸಾಬ್’ ಆಗಿ ಸೇರಿದೆ. 2019ರಲ್ಲಿ ‘ಬಡಾ ಸಾಬ್’, ಅಂದರೆ ಚೀಫ್ ಇಂಜಿನಿಯರ್ ಆಗಿ ಇಳಿದು ಕುಂದಾಪುರಕ್ಕೆ ಬಂದು ಕುಳಿತೆ. ಈಗ ಮೀನುಗಾರಿಕೆ ಬೋಟುಗಳ ಇಂಜಿನ್ ಕೆಮ್ಮಿದರೆ ನನ್ನನ್ನು ಕರೆಯುತ್ತಾರೆ.

ಮೊದಲು ವಸ್ತುವಿನ ವಿಷಯ. ‘ಏಲಿಯನ್ ಆಂಥಾಲಜಿ’ 2010ರಲ್ಲಿ ಬಂದ ಬ್ಲೂ-ರೇ ಪೆಟ್ಟಿಗೆ. ನಾಲ್ಕು ಡಿಸ್ಕುಗಳಲ್ಲಿ ನಾಲ್ಕು ಸಿನಿಮಾಗಳಿವೆ: ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್’ (1979), ಜೇಮ್ಸ್ ಕ್ಯಾಮರಾನ್ ನಿರ್ದೇಶನದ ‘ಏಲಿಯನ್ಸ್’ (1986), ಡೇವಿಡ್ ಫಿಂಚರ್ ಅವರ ‘ಏಲಿಯನ್ 3’ (1992), ಜಾನ್-ಪಿಯೇರ್ ಜೂನೆ ಅವರ ‘ಏಲಿಯನ್ ರಿಸರೆಕ್ಷನ್’ (1997). ಪ್ರತಿಯೊಂದರ ಎರಡೆರಡು ಆವೃತ್ತಿಗಳಿವೆ. ಉಳಿದ ಎರಡು ಡಿಸ್ಕುಗಳಲ್ಲಿ ತಯಾರಿಕೆಯ ಕಥೆ, ರೇಖಾಚಿತ್ರ, ಛಾಯಾಚಿತ್ರಗಳ ಭಂಡಾರ. ಎಲ್ಲ ಸೇರಿ ಅರವತ್ತು ತಾಸಿಗೂ ಹೆಚ್ಚು ಸಾಮಗ್ರಿ. ನಾನು ಇದನ್ನು 2011ರಲ್ಲಿ ಸಿಂಗಪುರದಲ್ಲಿ ಸೈನ್-ಆಫ್ ಆಗಿ ಊರಿಗೆ ಹೊರಟ ದಿನ ಪ್ಲೇಯರ್ ಸಮೇತ ಕೊಂಡು ತಂದೆ. ಮನೆಯವಳು ಕೇಳಿದ್ದ ಮಿಕ್ಸರ್ ಮರೆತೆ. ಆ ವಿಷಯ ಇಂದಿಗೂ ಇತ್ಯರ್ಥವಾಗಿಲ್ಲ.

ಆದರೆ ಇದನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿಗೆ ನೋಡಿದ್ದು ಈ ಆಷಾಢದಲ್ಲಿ. ಮಳೆ ಹಿಡಿದರೆ ಬಿಡದ ವಾರ, ಬೋಟುಗಳಿಗೆ ರಜೆ, ಬೆಂಗಳೂರಿನಿಂದ ಮಗಳು ಬಂದಿದ್ದಳು. ಕರೆಂಟು ಹೋದಾಗ ಇನ್ವರ್ಟರ್, ಇನ್ವರ್ಟರ್ ಸೋತಾಗ ಮಾತು. ಆರು ರಾತ್ರಿಯಲ್ಲಿ ಮುಗಿಸಿದೆವು.

ಮೊದಲನೆಯದನ್ನು ನಾನು ಮೊದಲ ಬಾರಿಗೆ ನೋಡಿದ್ದು 1997ರಲ್ಲಿ, ರಿಚರ್ಡ್ಸ್ ಬೇಯಲ್ಲಿ ಕಲ್ಲಿದ್ದಲು ತುಂಬಿಕೊಂಡು ಹೊರಟ ಒಂದು ಬಲ್ಕ್ ಹಡಗಿನ ಮೆಸ್ ರೂಮಿನಲ್ಲಿ. ವಿಎಚ್‌ಎಸ್ ಟೇಪು, ಅಂಚಿನಲ್ಲಿ ಗೆರೆ ಓಡುವ ಚಿತ್ರ. ಅಂದು ರಾತ್ರಿ ಊಟಕ್ಕೆ ನೂಡಲ್ಸ್. ಹಡಗಿನ ಜನ ಮತ್ತೆ ದೀರ್ಘ ನಿದ್ರೆಗೆ ಹೋಗುವ ಮುಂಚೆ ಹಸಿದು ತಿನ್ನುತ್ತಾ, ಪೋಲಿ ಮಾತಾಡುತ್ತಾ, ಅಡುಗೆಯನ್ನು ಬೈಯುತ್ತಾ ಕುಳಿತಿರುವಾಗ ಅವರಲ್ಲೊಬ್ಬನಾದ ಕೇನ್ ಕೆಮ್ಮಲು ಶುರುಮಾಡುತ್ತಾನೆ. ಗೋವಾದ ನಮ್ಮ ಅಡುಗೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, “ಊಟ ಚೆನ್ನಾಗಿಲ್ಲ ಎಂದರೆ ಹೀಗೇ ಆಗುವುದು” ಎಂದು ಹೇಳಿ ಪಾತ್ರೆ ಎತ್ತಿಕೊಂಡು ಹೋದರು. ಆ ದೃಶ್ಯ ಚಿತ್ರೀಕರಿಸಿದಾಗ ಎದೆ ಒಡೆಯುವುದು ನಟರಿಗೆ ಗೊತ್ತಿತ್ತು, ರಕ್ತ ಅಷ್ಟು ದೂರ ಚಿಮ್ಮುವುದು ಗೊತ್ತಿರಲಿಲ್ಲ. ಲ್ಯಾಂಬರ್ಟ್ ಪಾತ್ರದ ವೆರೋನಿಕಾ ಕಾರ್ಟ್‌ರೈಟ್ ಮುಖಕ್ಕೇ ಅದು ಬಡಿಯಿತು, ಪರದೆಯ ಮೇಲೆ ಕಾಣುವ ಆಕೆಯ ಗಾಬರಿ ನಟನೆಯಲ್ಲ. ಎಲ್ಲರೂ ಹೇಳುವ ಕಥೆ ಇದು. ನನಗೆ ಅದಕ್ಕಿಂತ ಅದರ ಹಿಂದಿನ ಎರಡು ನಿಮಿಷದ ಊಟವೇ ದೊಡ್ಡದು. ತಿಂಗಳುಗಟ್ಟಲೆ ಒಂದೇ ಏಳು ಮುಖ ನೋಡಿದವರು ಹೇಗೆ ತಿನ್ನುತ್ತಾರೆ, ಯಾರು ಯಾರ ಮಾತಿಗೆ ನಗುತ್ತಾರೆ, ಯಾರು ನಗುವುದಿಲ್ಲ ಎಂಬುದನ್ನು ಅಷ್ಟು ಸರಿಯಾಗಿ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ, ಸಮುದ್ರದ ಮೇಲಿನ ಸಿನಿಮಾಗಳೂ ಸೇರಿ.

ಸಿನಿಮಾದ ಹಡಗು ನಾಸ್ಟ್ರೋಮೊ ಯುದ್ಧ ನೌಕೆಯಲ್ಲ, ಸಂಶೋಧನಾ ನೌಕೆಯೂ ಅಲ್ಲ. ಅದೊಂದು ಟಗ್, ಭಾರ ಎಳೆಯುವ ಹಡಗು. ಸಿನಿಮಾ ಶುರುವಾಗುತ್ತಲೇ ಪರದೆಯ ಮೇಲೆ ಅಕ್ಷರಗಳು ಬರುತ್ತವೆ: ಸಿಬ್ಬಂದಿ ಏಳು, ಸರಕು 2 ಕೋಟಿ ಟನ್ ಅದಿರು ಸಂಸ್ಕರಿಸುವ ಕಾರ್ಖಾನೆ, ದಾರಿ ಭೂಮಿಯ ಕಡೆಗೆ. ಬೇರೆಯವರು ಇದನ್ನು ಓದದೆ ಬಿಡುತ್ತಾರೆ. ನಾನು ಅಂದೇ ಲೆಕ್ಕ ಹಾಕಿದೆ. ಏಳು ಜನಕ್ಕೆ 2 ಕೋಟಿ ಟನ್! ನಾವು ಇಪ್ಪತ್ತೆರಡು ಜನ ಒಂದೂವರೆ ಲಕ್ಷ ಟನ್ ಕಲ್ಲಿದ್ದಲಿಗೆ ನಿದ್ದೆಗೆಡುತ್ತಿದ್ದೆವು. ಸಿಬ್ಬಂದಿ ಕಡಿತ ಎಂಬುದು ಯಾವ ಗ್ರಹಕ್ಕೆ ಹೋದರೂ ತಪ್ಪದು ಎಂದು ನಮ್ಮ ತೀನ್ ಸಾಬ್ ನಕ್ಕಿದ್ದರು.

ಪಾರ್ಕರ್ ಮತ್ತು ಬ್ರೆಟ್‌ಗೆ ಉಳಿದವರಿಗಿಂತ ಕಡಿಮೆ ಪಾಲು. ಎಚ್ಚರವಾದ ಕೂಡಲೇ ಅವರು ಎತ್ತುವ ವಿಷಯ ಬೋನಸ್. ಹೋಗಬೇಕೋ ಬೇಡವೋ ಎಂಬ ಚರ್ಚೆಯನ್ನು ಮುಗಿಸುವುದು ಧೈರ್ಯವಲ್ಲ, ಕುತೂಹಲವಲ್ಲ, ಕರಾರು ಪತ್ರದ ಒಂದು ಕಲಂ: ಅಪರಿಚಿತ ಸಂಕೇತ ಬಂದರೆ ಹೋಗಿ ನೋಡಲೇಬೇಕು, ಇಲ್ಲವಾದರೆ ಪಾಲು ಪೂರ್ತಿ ಮುಟ್ಟುಗೋಲು. ಇಳಿಯುವಾಗ ಹಡಗು ಹಾಳಾಗುತ್ತದೆ, ಡ್ರೈ ಡಾಕ್ ಇಲ್ಲದೆ ಪೂರ್ತಿ ರಿಪೇರಿ ಆಗದು ಎನ್ನುತ್ತಾರೆ, ಹದಿನೇಳು ತಾಸಿನ ಕೆಲಸವನ್ನು ಮೇಲಿನವರಿಗೆ ಇಪ್ಪತ್ತೈದು ತಾಸು ಎಂದು ಹೇಳುತ್ತಾರೆ. ಈ ಜಾಗದಲ್ಲಿ ನಮ್ಮ ಮೆಸ್ ರೂಮು ಚಪ್ಪಾಳೆ ತಟ್ಟಿತು. ಬಡಾ ಸಾಬ್ ಹಿಂದೆಯೇ ಕುಳಿತಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ಅಂದು ರಾತ್ರಿ ನನ್ನ ವಾಚ್‌ನಲ್ಲಿ ಸ್ಟೀರಿಂಗ್ ಗೇರ್ ರೂಮಿನ ಸುತ್ತು ಇತ್ತು. ಹಡಗಿನ ಹಿಂಭಾಗದ ತುದಿಯಲ್ಲಿ, ಎಲ್ಲರಿಂದ ದೂರ ಇರುವ ಕೋಣೆ. ರಡ್ಡರ್ ತಿರುಗಿದಾಗಲೆಲ್ಲ ಹೈಡ್ರಾಲಿಕ್ ಪಂಪು ನಿಟ್ಟುಸಿರು ಬಿಡುತ್ತದೆ. ಬ್ರೆಟ್ ಬೆಕ್ಕನ್ನು ಹುಡುಕುತ್ತಾ ಹೋಗುವ ಕೋಣೆಯಲ್ಲಿ ಮೇಲಿನಿಂದ ಸರಪಳಿ ಜೋತಾಡುತ್ತವೆ, ನೀರು ತೊಟ್ಟಿಕ್ಕುತ್ತದೆ, ಅವನು ಟೋಪಿ ತೆಗೆದು ಆ ಹನಿಗೆ ಮುಖ ಒಡ್ಡಿ ನಿಲ್ಲುತ್ತಾನೆ. ಬಾಹ್ಯಾಕಾಶ ನೌಕೆಯಲ್ಲಿ ನೀರೆಲ್ಲಿಂದ ಎಂದು ಕೇಳುವವರು ಇಂಜಿನ್ ರೂಮಿನಲ್ಲಿ ನಿಂತವರಲ್ಲ. ತಣ್ಣನೆಯ ಪೈಪಿನ ಮೇಲೆ ಬಿಸಿ ಗಾಳಿ ಬೆವರುತ್ತದೆ, ಅಷ್ಟೆ. ಸೆಕೆಯಲ್ಲಿ ಆ ಹನಿಗೆ ನಾನೂ ಮುಖ ಒಡ್ಡಿದ್ದೇನೆ. ಅಂದು ಮಾತ್ರ ಒಡ್ಡಲಿಲ್ಲ. ಬಾಗಿಲಿನಿಂದಲೇ ಟಾರ್ಚ್ ಹಾಕಿ, ಲಾಗ್ ಪುಸ್ತಕದಲ್ಲಿ ಎಲ್ಲ ಸರಿ ಇದೆ ಎಂದು ಬರೆದೆ. ಇಪ್ಪತ್ತಮೂರು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಕೊನೆಯದು ಎನ್ನಲಾರೆ.

ಪೆಟ್ಟಿಗೆಯ ಐದನೇ ಡಿಸ್ಕ್ ನೋಡಿದ ಮೇಲೆ ಈ ನಿಜದ ಮೂಲ ತಿಳಿಯಿತು. ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ ಹಡಗಿನ ಒಳಭಾಗವನ್ನು ಓಣಿಗೆ ಓಣಿ ಕೂಡಿಸಿ ಕಟ್ಟಿದ್ದರು. ಗುಜರಿಗೆ ಬಿದ್ದ ವಿಮಾನಗಳ ಭಾಗಗಳನ್ನು ಗೋಡೆಗೆ ಜೋಡಿಸಿದ್ದರು. ರಾನ್ ಕಾಬ್ ಎಂಬ ಚಿತ್ರಕಾರ ಪ್ರತಿ ಬಾಗಿಲು, ಕೊಳವೆಗೆ ಎಚ್ಚರಿಕೆಯ ಚಿಹ್ನೆಗಳ ಒಂದು ಪೂರ್ತಿ ವ್ಯವಸ್ಥೆಯನ್ನೇ ಬರೆದಿದ್ದರು. ಇಡೀ ನೌಕೆ ಕೆಲಸಗಾರರ ಕೈಯ ಎಣ್ಣೆ ಮೆತ್ತಿದ ಹಾಗೆ ಕಾಣುವುದು ಅದಕ್ಕೇ. ಇದಕ್ಕೆ ತದ್ವಿರುದ್ಧವಾಗಿ ಪ್ರಾಣಿಯನ್ನು, ಅದರ ಹಾಳು ನೌಕೆಯನ್ನು ಮಾತ್ರ ಸ್ವಿಟ್ಜರ್‌ಲೆಂಡಿನ ಎಚ್.ಆರ್. ಗೀಗರ್ ಅವರಿಗೆ ಬಿಟ್ಟರು. ಎಲುಬೋ ಪೈಪೋ ತಿಳಿಯದಂಥ ರೂಪ. ಕೆಲಸಗಾರರ ಹಡಗು ಒಬ್ಬರದು, ದುಃಸ್ವಪ್ನ ಇನ್ನೊಬ್ಬರದು. ಎರಡನ್ನೂ ಒಬ್ಬರ ಕೈಗೇ ಕೊಟ್ಟಿದ್ದರೆ ಸಿನಿಮಾ ಕೆಡುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. 1980ರಲ್ಲಿ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂದದ್ದು ನ್ಯಾಯ.

ಪ್ರಾಣಿಯ ವೇಷದೊಳಗಿದ್ದವರು ಬೊಲಾಜಿ ಬಡೇಜೊ, ಲಂಡನ್ನಿನಲ್ಲಿ ಓದುತ್ತಿದ್ದ ನೈಜೀರಿಯಾದ ಯುವಕ. ಆರಡಿ ಹತ್ತಂಗುಲ ಎತ್ತರ, ಸಣಕಲು ದೇಹ. ಪಬ್ಬಿನಲ್ಲಿ ಕಣ್ಣಿಗೆ ಬಿದ್ದು ಆಯ್ಕೆಯಾದವರು. ಅವರು ನಟಿಸಿದ ಒಂದೇ ಸಿನಿಮಾ ಇದು, 1992ರಲ್ಲಿ ತೀರಿಕೊಂಡರು. ಲಾಗೋಸ್‌ನ ಅಪಾಪಾ ಬಂದರಿನಲ್ಲಿ ಲಂಗರು ಹಾಕಿದ್ದಾಗ ಹಡಗು ಹತ್ತಿದ ಒಬ್ಬ ಹಮಾಲಿ ಮುಖ್ಯಸ್ಥರಿಗೆ ಆ ಹೆಸರು ಹೇಳಿದೆ. ಅವರು ಕೇಳಿರಲಿಲ್ಲ. ಜಗತ್ತನ್ನೇ ಹೆದರಿಸಿದ್ದು ನಿಮ್ಮ ಊರಿನವರು ಎಂದಾಗ ಅವರು, “ನಮ್ಮವರಲ್ಲಿ ಹಾಗೆ ಬಹಳ ಮಂದಿ ಇದ್ದಾರೆ, ಮೊದಲು ಸಿಗರೇಟು ಕೊಡಿ” ಎಂದರು.

ಡಿಸ್ಕಿನಲ್ಲಿ 2003ರ ‘ಡೈರೆಕ್ಟರ್ಸ್ ಕಟ್’ ಕೂಡ ಇದೆ. ಹೆಸರು ನೋಡಿ ಮೋಸ ಹೋಗಬಾರದು. 1979ರ ಆವೃತ್ತಿಯೇ ತನ್ನ ಆವೃತ್ತಿ ಎಂದು ಸ್ಕಾಟ್ ಅವರೇ ಹೇಳಿದ್ದಾರೆ. ಹೊಸದರಲ್ಲಿ ಹಡಗಿನ ಕ್ಯಾಪ್ಟನ್ ಡಲಾಸ್ ಗೋಡೆಗೆ ಅಂಟಿಕೊಂಡು ಸಾವನ್ನು ಬೇಡುವ ದೃಶ್ಯ ಸೇರಿದೆ. ದೃಶ್ಯ ಒಳ್ಳೆಯದೇ. ಆದರೆ ಹಡಗು ಸ್ಫೋಟಿಸಲು ಕೆಲವೇ ನಿಮಿಷ ಉಳಿದಿರುವಾಗ ಅದು ಓಟಕ್ಕೆ ಅಡ್ಡಗಾಲು. ಹಳೆಯದನ್ನೇ ನೋಡಿ. ಜೆರ್ರಿ ಗೋಲ್ಡ್‌ಸ್ಮಿತ್ ಅವರ ಸಂಗೀತವನ್ನು ಮಾತ್ರ ಕೇಳಿಸಿಕೊಂಡು ನೋಡುವ ಸೌಲಭ್ಯವಿದೆ, ಒಂದು ಮಳೆಗಾಲದ ಮಧ್ಯಾಹ್ನಕ್ಕೆ ಅದು ಸಾಕು.

ಮನೆಯವಳು ಈ ಸರಣಿಯಲ್ಲಿ ಕೇಳಿದ ಪ್ರಶ್ನೆ ಒಂದೇ: ಬೆಕ್ಕು ಬದುಕುತ್ತದೆಯೇ? ಬದುಕುತ್ತದೆ ಎಂದ ಮೇಲೆ ಕುಳಿತು ನೋಡಿದಳು. ಜೋನ್ಸ್ ಬೆಕ್ಕು ಪ್ರಾಣಿಯನ್ನು ನೋಡಿ ಹಲ್ಲು ಕಿರಿಯುವ ದೃಶ್ಯಕ್ಕಾಗಿ ಪರದೆಯ ಹಿಂದೆ ಒಂದು ಜರ್ಮನ್ ಶೆಫರ್ಡ್ ನಾಯಿಯನ್ನು ನಿಲ್ಲಿಸಿದ್ದರು ಎಂದು ಹೇಳಿದ್ದೇ ತಪ್ಪಾಯಿತು. ಪಾಪದ ಬೆಕ್ಕಿಗೆ ಹೀಗೆ ಮಾಡುವುದೇ ಎಂದು ಎದ್ದು ಹೋದಳು. ಎರಡನೇ ಸಿನಿಮಾಕ್ಕೆ ಬರಲಿಲ್ಲ.

ಎರಡನೆಯದು ‘ಏಲಿಯನ್ಸ್’. 2004ರಲ್ಲಿ ನಾನು ಸೆಕೆಂಡ್ ಇಂಜಿನಿಯರ್ ಆಗಿದ್ದ ಹಡಗಿನ ಫಿಲಿಪ್ಪೀನ್ಸ್‌ನ ಎಲೆಕ್ಟ್ರಿಷಿಯನ್ ಬಳಿ ಒಂಬತ್ತು ಡಿವಿಡಿಗಳ ಹಿಂದಿನ ಪೆಟ್ಟಿಗೆ ಇತ್ತು, ‘ಕ್ವಾಡ್ರಿಲಜಿ’ ಎಂಬ ಹೆಸರಿನದು. ಅಂಥ ಪದವೇ ಇಲ್ಲ, ಗ್ರೀಕಿನ ಪ್ರಕಾರ ಟೆಟ್ರಾಲಜಿ ಆಗಬೇಕು ಎಂದು ಬಂಗಾಳದ ನಮ್ಮ ಬಡಾ ಸಾಬ್ ಊಟದ ಹೊತ್ತಿನಲ್ಲಿ ಎರಡು ವಾರ ವಾದಿಸಿದರು. ಎಲೆಕ್ಟ್ರಿಷಿಯನ್‌ಗೆ ಪದದ ಗೊಡವೆ ಇರಲಿಲ್ಲ, ಎರಡನೆಯದೊಂದೇ ಸಿನಿಮಾ, ಉಳಿದವು ಅದರ ಹಿಂದುಮುಂದು ಎನ್ನುತ್ತಿದ್ದ. ಅವನೊಡನೆ ಜಗಳವಾಡುವುದು ಕಷ್ಟ. ಬಂದೂಕು, ಬೆವರು, ರಾಡಾರಿನ ಟಿಕ್ ಟಿಕ್, ಸೀಲಿಂಗಿನ ಮೇಲೆ ಹರಿದು ಬರುವ ಗುಂಪು. ಉಸಿರು ಬಿಡಲು ಆಗುವುದಿಲ್ಲ. ಸ್ಟ್ಯಾನ್ ವಿನ್‌ಸ್ಟನ್ ತಂಡ ಕಟ್ಟಿದ, ಆ ಪ್ರಾಣಿಗಳ ರಾಣಿ ಹದಿನಾಲ್ಕು ಅಡಿ. ಕಂಪ್ಯೂಟರ್ ಚಿತ್ರವಲ್ಲ, ಹೈಡ್ರಾಲಿಕ್ಸ್, ಕ್ರೇನ್ ಮತ್ತು ಒಳಗೆ ಕುಳಿತ ಇಬ್ಬರು ಮನುಷ್ಯರು. ಹೈಡ್ರಾಲಿಕ್ಸ್‌ನ ಕೆಲಸ ಕಣ್ಣಿಗೆ ಕಂಡಾಗ ನನಗೆ ಬೇರೆಯೇ ಸಂತೋಷ: ತೂಕ ಇರುವ ವಸ್ತು ತೂಕ ಇರುವ ಹಾಗೆಯೇ ನಿಲ್ಲುತ್ತದೆ. ಪೈನ್‌ವುಡ್ ಸ್ಟುಡಿಯೋದ ಬ್ರಿಟಿಷ್ ಕೆಲಸಗಾರರು ಚಹಾದ ಗಾಡಿ ಬಂದ ಕೂಡಲೇ ಕೆಲಸ ನಿಲ್ಲಿಸುತ್ತಿದ್ದದ್ದು ಕ್ಯಾಮರಾನ್ ಅವರಿಗೆ ಸಹಿಸಲಾಗುತ್ತಿರಲಿಲ್ಲವಂತೆ. ಈ ಒಂದು ವಿಷಯದಲ್ಲಿ ನಾನು ಚಹಾದ ಪರ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧಕ್ಕಿಂತ ಮುಂಚಿನ ವಿಚಾರಣೆಯ ಕೋಣೆ. ಐವತ್ತೇಳು ವರ್ಷ ನಿದ್ರೆಯಲ್ಲಿ ತೇಲಿ ಬಂದ ರಿಪ್ಲಿಯನ್ನು ಕೂರಿಸಿಕೊಂಡು ಕಂಪನಿಯವರು ಕೇಳುವುದು ಆರು ಜನರ ಸಾವಿನ ಲೆಕ್ಕವನ್ನಲ್ಲ, ಹಡಗಿನ ಬೆಲೆಯನ್ನು: 4.2 ಕೋಟಿ ಡಾಲರ್, ಅದೂ ಸರಕು ಬಿಟ್ಟು. ಲೈಸೆನ್ಸ್ ಅಮಾನತಾಗುತ್ತದೆ. ಅವಳು ಬಂದರಿನಲ್ಲಿ ಸರಕು ಎತ್ತುವ ಕೆಲಸಕ್ಕೆ ಸೇರುತ್ತಾಳೆ. ರಾಣಿಯ ಎದುರು ಕೊನೆಗೆ ಅವಳ ಕೈಗೆ ಬರುವುದೂ ಆ ಕೆಲಸದ ಯಂತ್ರವೇ, ಸೈನಿಕರ ಬಂದೂಕಲ್ಲ. ಇದು ಎಷ್ಟು ಸರಿ ಎಂದು ವಿವರಿಸಲು ಹೋದರೆ ಮಗಳು “ಅಪ್ಪಯ್ಯ, ಸಿನಿಮಾ ನೋಡಲು ಬಿಡಿ” ಎನ್ನುತ್ತಾಳೆ.

ಈ ಡಿಸ್ಕಿನಲ್ಲಿ 137 ನಿಮಿಷದ ಚಿತ್ರಮಂದಿರದ ಆವೃತ್ತಿ, 154 ನಿಮಿಷದ ವಿಸ್ತೃತ ಆವೃತ್ತಿ ಎರಡೂ ಇವೆ. ವಿಸ್ತೃತದ್ದೇ ನೋಡಬೇಕು, ಒಂದು ಸಣ್ಣ ದೃಶ್ಯಕ್ಕಾಗಿ. ರಿಪ್ಲಿಗೆ ಒಬ್ಬಳು ಮಗಳಿದ್ದಳು. ಹನ್ನೊಂದನೇ ಹುಟ್ಟುಹಬ್ಬಕ್ಕೆ ಬಂದುಬಿಡುತ್ತೇನೆ ಎಂದು ಹೇಳಿ ಹೊರಟಿದ್ದಳು. ಈಗ ಕಂಪನಿಯವನು ಒಂದು ಚಿತ್ರ ಕೊಡುತ್ತಾನೆ. ಅದರಲ್ಲಿ ಇರುವುದು ಮುದುಕಿಯಾಗಿ ತೀರಿಕೊಂಡ ಮಗಳು. ಆ ಚಿತ್ರಕ್ಕೆ ಬಳಸಿದ್ದು ರಿಪ್ಲಿ ಪಾತ್ರದ ಸಿಗೋರ್ನಿ ವೀವರ್ ಅವರ ಸ್ವಂತ ತಾಯಿಯ ಮುಖವನ್ನು.

2004ರಲ್ಲಿ ಆ ಡಿವಿಡಿ ನೋಡುವಾಗ ನನ್ನ ಮಗಳಿಗೆ ಮೂರು ವರ್ಷ. ಅವಳ ಮೂರು ಹುಟ್ಟುಹಬ್ಬಗಳಲ್ಲಿ ನಾನಿದ್ದದ್ದು ಒಂದಕ್ಕೆ. ಎಲೆಕ್ಟ್ರಿಷಿಯನ್‌ಗೆ ನಾಲ್ಕು ಮಕ್ಕಳು. ಆ ದೃಶ್ಯ ಬಂದಾಗಲೆಲ್ಲ ಅವನು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುತ್ತಿದ್ದ, ರಿಮೋಟ್ ಒತ್ತಿ ಮುಂದಕ್ಕೆ ಓಡಿಸುತ್ತಿರಲಿಲ್ಲ. ಈ ಆಷಾಢದಲ್ಲಿ ಆ ದೃಶ್ಯ ಬಂದಾಗ ಮಗಳು ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. “ಇದನ್ನು ಯಾಕೆ ಕತ್ತರಿಸಿದ್ದರು?” ಎಂದು ಮಾತ್ರ ಕೇಳಿದಳು.

ಮೂರನೆಯದರ ಬಗ್ಗೆ ಮನೆಯಲ್ಲಿ ಎರಡು ಪಕ್ಷ. ‘ಏಲಿಯನ್ 3’ ಶುರುವಾಗುವ ಮುಂಚೆಯೇ, ಹೆಸರುಗಳು ಓಡುತ್ತಿರುವಾಗಲೇ, ಹಿಂದಿನ ಸಿನಿಮಾದಲ್ಲಿ ಎರಡೂವರೆ ತಾಸು ಹೋರಾಡಿ ಉಳಿಸಿದ ಹುಡುಗಿ ನ್ಯೂಟ್‌ಳನ್ನು ಕೊಂದುಬಿಡುತ್ತಾರೆ. ನಾನು ಇದನ್ನು ಕ್ಷಮಿಸಿಲ್ಲ. ಮಗಳಿಗೆ ಇದೇ ಸರಣಿಯ ಅತ್ಯುತ್ತಮ ಚಿತ್ರ. ಕೈದಿಗಳ ಗ್ರಹ, ಸೀಸದ ಕುಲುಮೆ, ಬಂದೂಕೇ ಇಲ್ಲ, ಎಲ್ಲರ ತಲೆಯೂ ಬೋಳು. ಇಷ್ಟು ಬಡತನದಲ್ಲಿ ಎಷ್ಟು ಘನತೆ ಎಂದು ಅವಳ ವಾದ. ಚಿತ್ರಕಥೆ ಪೂರ್ತಿಯಾಗದೆ ಚಿತ್ರೀಕರಣ ಶುರುವಾಗಿತ್ತು, ಇದು ಫಿಂಚರ್ ಅವರ ಮೊದಲ ಸಿನಿಮಾ, ಆಮೇಲೆ ಅವರು ಇದನ್ನು ತನ್ನದೆಂದು ಒಪ್ಪಲೇ ಇಲ್ಲ. 145 ನಿಮಿಷದ ‘ಅಸೆಂಬ್ಲಿ ಕಟ್’ ಅವರ ಕೈವಾಡವಿಲ್ಲದೆ ಸಿದ್ಧವಾದದ್ದು. ನಾಯಿಯ ಬದಲು ಎತ್ತಿನಿಂದ ಪ್ರಾಣಿ ಹುಟ್ಟುವ ಆವೃತ್ತಿ ಅದು. ಹಿಂದಿನ ಪೆಟ್ಟಿಗೆಯಲ್ಲಿ ಅದರ ಕೆಲವು ಮಾತುಗಳು ಕೇಳುವ ಹಾಗಿರಲಿಲ್ಲ. ಇದರಲ್ಲಿ ನಟರಿಂದ ಮತ್ತೆ ಹೇಳಿಸಿ ಸರಿಪಡಿಸಿದ್ದಾರೆ. ತಯಾರಿಕೆಯ ಸಾಕ್ಷ್ಯಚಿತ್ರವೂ ಹಿಂದೆ ಕತ್ತರಿಗೆ ಸಿಕ್ಕಿತ್ತು, ಇಲ್ಲಿ ಪೂರ್ತಿ ಇದೆ. ಸಿನಿಮಾಕ್ಕಿಂತ ಅದೇ ನನಗೆ ಹಿಡಿಸಿತು. ಕೆಲಸ ಗೊತ್ತಿರುವ ಹುಡುಗನನ್ನು ಕಚೇರಿಯವರು ದಿನಕ್ಕೊಂದು ಆದೇಶದಲ್ಲಿ ಹೇಗೆ ಹೈರಾಣಾಗಿಸುತ್ತಾರೆ ಎಂಬುದನ್ನು ಹಡಗಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೂ ನ್ಯೂಟ್ ವಿಷಯದಲ್ಲಿ ರಾಜಿ ಇಲ್ಲ.

ನಾಲ್ಕನೆಯದರಲ್ಲಿ ವೀವರ್ ಹಿಂದಕ್ಕೆ ತಿರುಗದೆ, ನೋಡದೆ ಎಸೆದ ಬಾಸ್ಕೆಟ್‌ಬಾಲ್ ನೇರ ಬುಟ್ಟಿಗೆ ಬೀಳುತ್ತದೆ. ಅದು ನಿಜವಾಗಿ ಬಿದ್ದದ್ದು, ಪಕ್ಕದ ನಟ ರಾನ್ ಪರ್ಲ್‌ಮನ್ ಬೆರಗಾಗಿ ಪಾತ್ರವನ್ನೇ ಮರೆಯುವುದರಲ್ಲಿದ್ದರು. ನೀರಿನೊಳಗಿನ ಬೆನ್ನಟ್ಟುವಿಕೆ ಚೆನ್ನಾಗಿದೆ. ಬೇರೆ ಹೇಳುವುದೇನೂ ಇಲ್ಲ.

ಒಟ್ಟು ನಾಲ್ಕನ್ನೂ ಸಾಲಾಗಿ ನೋಡಿದರೆ ಪ್ರಾಣಿಯ ಭಯ ಇಳಿಯುತ್ತಾ ಹೋಗುತ್ತದೆ. ಇಳಿಯದೇ ಉಳಿಯುವುದು ಮೊದಲ ಸಿನಿಮಾದಲ್ಲಿ ರಿಪ್ಲಿ ಹಡಗಿನ ಕಂಪ್ಯೂಟರಿನಿಂದ ಹೊರಗೆಳೆಯುವ 937ನೇ ವಿಶೇಷ ಆದೇಶ: ಜೀವಿಯನ್ನು ತರುವುದೇ ಮುಖ್ಯ, ಸಿಬ್ಬಂದಿ ಹೋದರೆ ಹೋಗಲಿ. ಹೊಸ ತಲೆಮಾರಿನವರು 2024ರ ‘ಏಲಿಯನ್: ರೋಮ್ಯುಲಸ್’ ನೋಡಿ ಬಂದವರು. ಅದು ಈ ಪೆಟ್ಟಿಗೆಯಲ್ಲಿಲ್ಲ. ಅದರ ಮೊದಲ ಹತ್ತು ನಿಮಿಷ ನನಗೆ ತುಂಬ ಇಷ್ಟ. ಗಣಿ ವಸಾಹತಿನ ಹುಡುಗಿ ತನ್ನ ಕರಾರು ಮುಗಿಯಿತು ಎಂದು ಕಿಟಕಿಯ ಮುಂದೆ ನಿಂತರೆ, ತಾಸುಗಳ ಲೆಕ್ಕ ಹೆಚ್ಚಾಗಿದೆ, ಇನ್ನೂ ಐದಾರು ವರ್ಷ ಎಂದು ಕಚೇರಿಯವಳು ಹೇಳುತ್ತಾಳೆ. ಒಂಬತ್ತು ತಿಂಗಳ ಕರಾರಿನ ಕೊನೆಯಲ್ಲಿ “ಬದಲಿ ಸಿಕ್ಕಿಲ್ಲ, ಇನ್ನೊಂದು ಬಂದರು” ಎಂಬ ಸಂದೇಶ ಓದಿದವರಿಗೆ ಆ ದನಿ ಪರಿಚಿತ. ಮೊದಲ ಸಿನಿಮಾದಲ್ಲಿ ನಟಿಸಿ ಈಗ ತೀರಿಕೊಂಡ ಇಯಾನ್ ಹೋಮ್ ಅವರ ಮುಖವನ್ನು ಯಂತ್ರದಿಂದ ಎಬ್ಬಿಸಿ ತಂದದ್ದು ಮಾತ್ರ ಬೇಡವಾಗಿತ್ತು.

ಕೊಳ್ಳಬೇಕೆ? ಮೊದಲೆರಡು ಸಿನಿಮಾ ಮತ್ತು ಮೂರನೆಯದರ ಸಾಕ್ಷ್ಯಚಿತ್ರಕ್ಕಾಗಿ ಕೊಳ್ಳಬಹುದು. ಕನ್ನಡದ ಉಪಶೀರ್ಷಿಕೆ ಇಲ್ಲ. ಸಿನಿಮಾ ಓಡುತ್ತಿರುವಾಗ ಬದಿಯಲ್ಲಿ ವಿವರಗಳನ್ನು ಕೊಡುವ ‘ಮದರ್’ ಎಂಬ ಸೌಲಭ್ಯ ಮೊದಲ ಸಲಕ್ಕೆ ಬೇಡ, ಗಮನ ಚದುರುತ್ತದೆ. ಐದನೇ ಡಿಸ್ಕನ್ನು ಸಿನಿಮಾಗಳೆಲ್ಲ ಮುಗಿದ ಮೇಲೆ ಹಾಕಿ. ಆರನೆಯದರ ಸಾವಿರಾರು ಚಿತ್ರಗಳನ್ನು ನಾನಿನ್ನೂ ಮುಗಿಸಿಲ್ಲ.

ಅಕ್ಕನ ಮಗ ಕೆಡೆಟ್ ಆಗಿ ಆಗಸ್ಟಿನಲ್ಲಿ ಹಡಗು ಹತ್ತಿದ. ಮೊದಲ ಡಿಸ್ಕನ್ನು ಅವನ ಚೀಲಕ್ಕೆ ನಾನೇ ಹಾಕಿದೆ, ಮೆಸ್ ರೂಮಿನಲ್ಲಿ ಎಲ್ಲರೊಂದಿಗೆ ನೋಡು ಎಂದು ಹೇಳಿ. ಡರ್ಬನ್ನಿನಿಂದ ಸಂದೇಶ ಬಂತು: “ಮಾವ, ಇಲ್ಲಿ ಡಿಸ್ಕ್ ಹಾಕುವ ಯಂತ್ರವೇ ಇಲ್ಲ. ಊಟವಾದ ಮೇಲೆ ಎಲ್ಲರೂ ಅವರವರ ಕ್ಯಾಬಿನ್ನಿನಲ್ಲಿ ಮೊಬೈಲ್ ಹಿಡಿದು ಮಲಗುತ್ತಾರೆ. ನಾನೂ ನನ್ನ ಮೊಬೈಲಿನಲ್ಲೇ ನೋಡಿದೆ. ಆ ಇಂಜಿನ್ ರೂಮಿನ ಇಬ್ಬರು ಸರಿಯಾಗಿಯೇ ಕೇಳುತ್ತಿದ್ದರಲ್ಲ, ಅವರನ್ನು ಯಾಕೆ ಕೊಂದರು?” ಅವನು ಇಳಿಯುವುದು ಏಪ್ರಿಲಿನಲ್ಲಿ, ಬದಲಿ ಸಿಕ್ಕರೆ. ಪೆಟ್ಟಿಗೆಯ ಮೊದಲ ಗೂಡು ಅಲ್ಲಿಯವರೆಗೆ ಖಾಲಿ.